ಲಟ್ಟಣಿಗೆ ಕಡೆಯುವ ಲೇತಿನಲ್ಲಿ ಕಡಲಿನ ಪಾಪರ್

ದಾವಣಗೆರೆಯಲ್ಲಿ ನಮ್ಮದು ಮರ ಕಡೆಯುವ ಕೆಲಸ. ಮಂಚದ ಕಾಲು, ತೊಟ್ಟಿಲ ಗುಂಡು, ಲಟ್ಟಣಿಗೆ. ಅಪ್ಪನ ಕಾಲದಿಂದಲೂ ಇದೇ. ಕಡಲು ಇಲ್ಲಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಹಾಗಿದ್ದೂ ನಾನು ಕಡಲ ಮೀನಿಗೆ ಪಾಪರ್, ಅಂದರೆ ಮೀನನ್ನು ಸೆಳೆಯಲು ಗಾಳ ತಗುಲಿಸಿ ಎಸೆಯುವ ಮರದ ಹುಸಿ ಮೀನು, ಮಾಡಲು ಕೂತಿದ್ದಕ್ಕೆ ಭಾವನೇ ಕಾರಣ.

ಅಕ್ಕನನ್ನು ಹೊನ್ನಾವರಕ್ಕೆ ಕೊಟ್ಟಿದ್ದೇವೆ. ಭಾವನಿಗೆ ಗಾಳದ ಹುಚ್ಚು. ಒಂದು ಸಲ ಹೋದಾಗ ಮೂತಿ ಒಡೆದ ಪಾಪರ್ ಒಂದನ್ನು ನನ್ನ ಕೈಗಿಟ್ಟರು. "ನೋಡಪ್ಪಾ, ಇದೂ ಮರದ್ದೇ. ಬಂಡೆಗೆ ಬಡಿದು ಹೋಯ್ತು. ನಿನ್ ಲೇತಲ್ಲಿ ಇಂಥದ್ದು ಆಗಲ್ವಾ?"

ನೋಡಿದರೆ ಏನೂ ಇಲ್ಲ. ಗೇಣುದ್ದಕ್ಕಿಂತ ಸ್ವಲ್ಪ ಚಿಕ್ಕದಾದ ಮರದ ಮೀನು, ಮೂತಿಯಲ್ಲಿ ಬಟ್ಟಲಿನಂಥ ಗುಳಿ. ದಾರ ಜಗ್ಗಿದಾಗ ಆ ಗುಳಿ ನೀರನ್ನು ಮುಂದಕ್ಕೆ ನೂಕಿ 'ಬುಳುಕ್' ಅನ್ನುತ್ತೆ, ನೊರೆ ಏಳುತ್ತೆ. ಸಣ್ಣ ಮೀನು ಗಾಬರಿಯಾಗಿ ಒದ್ದಾಡುತ್ತಿದೆ ಅಂದುಕೊಂಡು ಟ್ರೆವಲಿ, ಬರಾಕುಡಾ ಥರದ ಮೀನು ಕೆಳಗಿನಿಂದ ಬಂದು ಹೊಡೆಯುತ್ತವೆ. ಇಷ್ಟೇ ತಾನೇ, ಒಂದು ಗಂಟೆ ಕೆಲಸ ಅಂದುಕೊಂಡೆ.

ಉಳಿದಿದ್ದ ಸಾಗುವಾನಿ ತುಂಡಲ್ಲಿ ಆರು ಕಡೆದೆ. ಪಾಲಿಶ್ ಎಂಥದ್ದು ಅಂತೀರಿ, ಮುಖ ಕಾಣಬೇಕು! ಅಪ್ಪ ಒಂದನ್ನು ತಿರುಗಿಸಿ ನೋಡಿ, "ಏನಲೇ ಇದು, ಲಟ್ಟಣಿಗೆ ಅರ್ಧಕ್ಕೇ ಬಿಟ್ಟೀಯಲ್ಲ?" ಅಂದರು. ಎರಡೂ ತುದಿಗೆ ಹಾರ್ಡ್‌ವೇರ್ ಅಂಗಡಿಯ ಕೊಂಡಿ ಸ್ಕ್ರೂ ತಿರುಪಿ ಹೊನ್ನಾವರಕ್ಕೆ ಒಯ್ದೆ. ನೀರಿಗೆ ಎಸೆದರೆ ಕೊರಡಿನ ಹಾಗೆ ಅಡ್ಡ ಮಲಗಿದವು. ಎಳೆದರೆ ಗಿರಗಿರ ಉರುಳಿದವು. ಬುಳುಕ್ ಇಲ್ಲ, ಏನಿಲ್ಲ. ಒಂದಕ್ಕೆ ಮಾತ್ರ ಯಾವುದೋ ಮೀನು ಬಾಯಿ ಹಾಕಿತು. ಒಂದೇ ಜಗ್ಗಿಗೆ ಸ್ಕ್ರೂ ಮರದಿಂದ ಕಿತ್ತು, ಗಾಳದ ಸಮೇತ ಹೋಯಿತು.

ಬಸ್ಸಿನಲ್ಲಿ ವಾಪಸ್ ಬರುವಾಗ ಪೂರಾ ಅದೇ ಯೋಚನೆ. ನನ್ನ ಕೈ ಕಲಿತಿರುವುದು ಎಲ್ಲವನ್ನೂ ಗುಂಡಗೆ, ಸಮನಾಗಿ ಮಾಡುವುದನ್ನು. ಪಾಪರ್‌ಗೆ ಅದೇ ದೋಷ. ಅದಕ್ಕೆ ಹೊಟ್ಟೆ ಯಾವುದು, ಬೆನ್ನು ಯಾವುದು ಅಂತ ಗೊತ್ತಿರಬೇಕು. ಬಾಲ ಭಾರ ಇರಬೇಕು.

ಮೊದಲು ಮರ ಬದಲಾಯಿಸಿದೆ. ಸಾಗುವಾನಿಯಲ್ಲೇ ಭಾರ ಮುಗಿದುಹೋದರೆ ಬಾಲದ ಕಡೆ ತುಂಬುವ ಸೀಸಕ್ಕೆ ಜಾಗ ಎಲ್ಲಿ? ಹೆಬ್ಬೇವು ಹಗುರ, ಈಗ ನಮ್ಮ ಕಡೆ ಹೊಲದಲ್ಲೆಲ್ಲ ಹಾಕಿದ್ದಾರೆ, ಸುಲಭವಾಗಿ ಸಿಗುತ್ತೆ. ಆದರೆ ಹಸಿ ಇರಬಾರದು. ಪರಿಚಯದವರ ಮಂಡಕ್ಕಿ ಭಟ್ಟಿ ಇದೆ. ಅಲ್ಲಿಯ ಬೆಚ್ಚನೆ ಗೋಡೆ ಪಕ್ಕದ ಅಟ್ಟದ ಮೇಲೆ ತುಂಡುಗಳನ್ನು ಜೋಡಿಸಿ, ವಾರಕ್ಕೊಮ್ಮೆ ತೂಗುತ್ತಿದ್ದೆ. ತೂಕ ಇಳಿಯುವುದು ನಿಂತ ಮೇಲೇ ಲೇತಿಗೆ.

ಸ್ಕ್ರೂ ಬದಲು ಮೂತಿಯಿಂದ ಬಾಲದವರೆಗೆ ಒಂದೇ ತಂತಿ. ಮರ ಸೀಳಿಹೋದರೂ ಮೀನು ತಂತಿಯಲ್ಲೇ ಇರುತ್ತೆ. 16 ಸೆಂಟಿಮೀಟರ್ ಉದ್ದಕ್ಕೆ ನಡುವೆ ತೂತು ಕೊರೆಯುವುದು ಆಟವಲ್ಲ, ಡ್ರಿಲ್ ಬಿಟ್ ಎತ್ತಲೋ ಓಡುತ್ತೆ. ಕಡೆದ ಮೇಲೆ ಕೊರೆಯಲು ಹೋಗಿ ನಾಲ್ಕನ್ನು ಒಲೆಗೆ ಹಾಕಿದೆ. ಆಮೇಲೆ ಉಲ್ಟಾ ಮಾಡಿದೆ. ಚೌಕ ತುಂಡಿಗೇ ಎರಡೂ ತುದಿಯಿಂದ ಕೊರೆದು ನಡುವೆ ಕೂಡಿಸಿ, ಆ ತೂತಿಗೇ ಲೇತಿನ ಮೊನೆ ಕೊಟ್ಟು ಕಡೆದೆ. ಈಗ ತೂತು ಇರುವ ಕಡೆಯೇ ನಡು! ಇಷ್ಟು ವರ್ಷ ಲೇತ್ ಮುಂದೆ ನಿಂತವನಿಗೆ ಮೊದಲೇ ಹೊಳೆಯಬೇಕಿತ್ತು ಬಿಡಿ.

ತಂತಿಗೆ 1.6 ಎಂಎಂ ಟಿಗ್ ವೆಲ್ಡಿಂಗ್ ರಾಡ್ ತಂದೆ, 316 ಸ್ಟೇನ್‌ಲೆಸ್‌ನದ್ದು. 304 ಅನ್ನುವ ಇನ್ನೊಂದು ಬಗೆಯ ಸ್ಟೇನ್‌ಲೆಸ್‌ಗಿಂತ ಇದು ಉಪ್ಪುನೀರಿಗೆ ಚೆನ್ನಾಗಿ ತಡೆಯುತ್ತೆ, ಅದರಲ್ಲಿ ಮಾಲಿಬ್ಡಿನಮ್ ಇರುತ್ತೆ. ಹೊಟ್ಟೆಯಿಂದ ಇನ್ನೊಂದು ತೂತು ಕೊರೆದು ನಡು ತೂತಿಗೆ ಸೇರಿಸಿ, ಅದರೊಳಗೆ ಒಂದು ಸ್ವಿವೆಲ್, ಅಂದರೆ ಎರಡು ಉಂಗುರ ಇರುವ ತಿರುಗುವ ಕೊಂಡಿ, ಇಳಿಸಬೇಕು. ತಂತಿ ಅದರ ಮೇಲಿನ ಉಂಗುರದೊಳಗಿಂದ ಹಾದುಹೋಗುತ್ತೆ, ಕೆಳಗಿನ ಉಂಗುರ ಹೊಟ್ಟೆಯಿಂದ ಹೊರಗೆ. ಹೊಟ್ಟೆಯ ಗಾಳ ಅದಕ್ಕೇ.

ಮೂತಿಯ ಗುಳಿಗೆ ಒಂದು ಮರದ ಗುಂಡು ಕಡೆದು, ಅದಕ್ಕೆ ಉಪ್ಪುಕಾಗದ ಅಂಟಿಸಿ ಲೇತಿಗೆ ಹಾಕಿದೆ. ಪಾಪರ್ ಮೂತಿಯನ್ನು ಅದಕ್ಕೆ ಒತ್ತಿ ಹಿಡಿದರೆ ಗುಳಿ ತಾನಾಗಿ ಬೀಳುತ್ತೆ. ಏಳೆಂಟು ಎಂಎಂ ಆಳ ಸಾಕು. ಜಾಸ್ತಿಯಾದರೆ ಸದ್ದೇನೋ ಜೋರು, ಆದರೆ ಅರ್ಧ ಗಂಟೆಯಲ್ಲಿ ಭುಜ ಬಿದ್ದುಹೋಗುತ್ತೆ.

ತಂತಿ ಹಾಕುವ ಮುಂಚೆ ಸೀಲರ್. ಥಿನ್ನರ್ ಜಾಸ್ತಿ ಬೆರೆಸಿ ತೆಳ್ಳಗೆ ಮಾಡಿ, ಡಬ್ಬಿಯಲ್ಲಿ ಪೂರಾ ಮುಳುಗಿಸಿಟ್ಟೆ. ತೂತಿನಿಂದ ಗುಳ್ಳೆ ಬರುತ್ತಲೇ ಇರುತ್ತೆ. ಅದು ನಿಂತಾಗ ತೆಗೆದು ಒಣಗಿಸಿ, ಮತ್ತೆ ಮುಳುಗಿಸಬೇಕು. ಹೀಗೆ ಮೂರು ಸಲ. ಹೊರಗೆ ಮಾತ್ರ ಬ್ರಷ್ ಹೊಡೆದ ಒಂದು ಪಾಪರ್ ಒಳಗಿನಿಂದ ನೀರು ಕುಡಿದು ಉಬ್ಬಿ, ಬಣ್ಣವೆಲ್ಲ ಬಿರುಕು ಬಿಟ್ಟಿತ್ತು.

ಈಗ ಭಾರದ ವಿಷಯ. ಮೊದಲು ಮನೆ ಡ್ರಮ್ಮಿನ ನೀರಲ್ಲೇ ಹೊಂದಿಸಿದ್ದೆ. ಕಡಲಿಗೆ ಹೋದರೆ ಅದೇ ಪಾಪರ್ ಸ್ವಲ್ಪ ಮೇಲೆ ತೇಲಿತು, ಅಲೆ ಬಂದಾಗ ಗುಳಿ ನೀರು ಹಿಡಿಯದೆ ಪಲ್ಟಿ ಹೊಡೆಯಿತು. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ನೂರು ಗ್ರಾಂ ಪಾಪರ್‌ಗೆ ಎರಡೂವರೆ ಗ್ರಾಂ ಸೀಸ ಕಡಿಮೆ ಬಿದ್ದ ಹಾಗೆ. ಸಣ್ಣ ಲೆಕ್ಕ, ಆದರೆ ಬಾಲದ ತುದಿಯಲ್ಲಿ ಅದು ಗೊತ್ತಾಗುತ್ತೆ. ಅದಕ್ಕೆ 20 ಲೀಟರ್ ಬಕೆಟ್ಟಿಗೆ 700 ಗ್ರಾಂ ಉಪ್ಪು ಕರಗಿಸಿದೆ, ಲೀಟರಿಗೆ 35 ಗ್ರಾಂ. ಹಿತ್ತಲಲ್ಲೇ ಅರಬ್ಬಿ ಸಮುದ್ರ ರೆಡಿ. ಗಾಳ, ಉಂಗುರ ಎಲ್ಲ ತಗುಲಿಸಿಯೇ ನೀರಿಗೆ ಬಿಡಬೇಕು, ಗಾಳದ ತೂಕವೇನು ಕಡಿಮೆಯೇ! ಬೀಸುಬಲೆಗೆ ಕಟ್ಟುವ ಸೀಸದ ಮಣಿಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಹೊಟ್ಟೆಗೆ ಕಟ್ಟಿ ಹಿಂದೆ ಮುಂದೆ ಸರಿಸುತ್ತಾ ಹೋದೆ. ಬಾಲ ಕೆಳಗಿಳಿದು, ಮೂತಿ ಮಾತ್ರ ಓರೆಯಾಗಿ ಮೇಲೆ ನಿಂತ ಜಾಗಕ್ಕೆ ಪೆನ್ಸಿಲ್ ಗುರುತು. ಅಲ್ಲೇ ತೂತು ಕೊರೆದು ಮಣಿ ತುಂಬಿ, ಅರಾಲ್ಡೈಟ್ ಹಾಕಿ ಮುಚ್ಚಿದೆ. ಬಣ್ಣ, ಮೇಲಿನ ಕೋಟಿಂಗ್ ಸೇರಿ ನಾಲ್ಕೈದು ಗ್ರಾಂ ಆಗುತ್ತೆ, ಅಷ್ಟು ಸೀಸ ಮೊದಲೇ ಬಿಟ್ಟಿರಬೇಕು.

ಬಣ್ಣ ಸುಲಭ. ಈರುಳ್ಳಿ ಚೀಲದ ಬಲೆಯನ್ನು ಬಿಗಿಯಾಗಿ ಸುತ್ತಿ ಸ್ಪ್ರೇ ಹೊಡೆದರೆ ಮೀನಿನ ಪೊರೆ ಮೂಡುತ್ತೆ. ಮೇಲೆ ಎಪಾಕ್ಸಿ ಕೋಟಿಂಗ್. ಅದು ಒಂದೇ ಕಡೆ ಇಳಿಯದಂತೆ ತಿರುಗುತ್ತಿರಬೇಕು. ಕೆಟ್ಟ ಮೈಕ್ರೋವೇವ್‌ನ ತಟ್ಟೆ ತಿರುಗಿಸುವ ಮೋಟಾರ್ ಬಿಚ್ಚಿ ಅದಕ್ಕೇ ಸಿಕ್ಕಿಸಿ ರಾತ್ರಿಯಿಡೀ ಬಿಟ್ಟೆ.

ಎಸೆದು ನೋಡಲು ಸೂಳೆಕೆರೆಗೆ ಹೋದೆ. ಗಾಳಿ ಇದ್ದಾಗ ಅಲ್ಲಿಯ ಅಲೆ ಚೆನ್ನಾಗಿರುತ್ತೆ. ಎರಡನೇ ಎಸೆತಕ್ಕೇ ಮೀನಿನ ಗುತ್ತಿಗೆ ಹಿಡಿದವರ ಕಡೆಯವರೊಬ್ಬರು ಬಂದರು.

"ಯಾರನ್ನ ಕೇಳಿ ಮೀನು ಹಿಡೀತಿದೀರಿ?"

"ಗಾಳ ಇಲ್ಲ ಯಜಮಾನ್ರೇ, ನೋಡ್ರಿ. ಗಾಳದಷ್ಟೇ ತೂಕದ ಸೀಸ ಕಟ್ಟೀನಿ."

ಅವರು ನೋಡಿದರು. ಇನ್ನೊಮ್ಮೆ ಎಸೆ ಅಂದರು. ಬುಳುಕ್ ಅಂದಿತು. ಆಮೇಲೆ ಅವರೇ ಒಂದಿಷ್ಟು ಹೊತ್ತು ಎಸೆದರು!

ದೀಪಾವಳಿ ಕಳೆದ ಮೇಲೆ ಹೊನ್ನಾವರ. ಬೆಳಗಿನ ಜಾವ ಬಂಡೆ ಮೇಲೆ ಭಾವ ಎಸೆಯುತ್ತಿದ್ದರು, ನಾನು ಹಿಂದೆ ನಿಂತಿದ್ದೆ. ಎಷ್ಟನೆಯ ಎಸೆತವೋ, ನೊರೆಯ ಹಿಂದೆಯೇ ನೀರು ಒಡೆಯಿತು. ಬರಾಕುಡಾ. ಮೇಲೆ ತಂದಾಗ ಪಾಪರ್ ಮೈಮೇಲೆ ಸಾಲಾಗಿ ಹಲ್ಲಿನ ತೂತು, ಕೋಟಿಂಗ್ ದಾಟಿ ಮರದವರೆಗೆ. ತಂತಿ ಮಾತ್ರ ಒಂದು ಕೂದಲೂ ಅಲುಗಿರಲಿಲ್ಲ. ಹೀಗೆ ತೂತು ಬಿದ್ದದ್ದನ್ನು ಮತ್ತೆ ಹಾಗೇ ಎಸೆಯಬಾರದು, ನೀರು ಕುಡಿಯುತ್ತೆ. ಸಿಹಿನೀರಲ್ಲಿ ತೊಳೆದು, ಒಣಗಿಸಿ, ತೂತಿಗೆ ಅಂಟು ತುಂಬಬೇಕು. ಅದಕ್ಕೇ ಊರಿಗೆ ತಂದೆ.

ಅಪ್ಪ ಕನ್ನಡಕ ಹಾಕಿಕೊಂಡು ಹಲ್ಲಿನ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದರು. ತಿರುಗಿಸಿ ಬಾಲ ನೋಡಿದರು. "ಇಲ್ಲಿ ಉಪ್ಪುಕಾಗದ ಇನ್ನೊಂದು ಕೈ ಹೊಡೀಬೇಕಿತ್ತು ನೋಡು," ಅಂದರು.