ಸಿಮೆಂಟ್ ಪತ್ರಾ ಕೊಯ್ದು ತಪ್ಪು ಮಾಡ್ದೆ, ಇಳಿಸುವಾಗ ತಿದ್ಕೊಂಡೆ: ನನ್ನ ಅನುಭವ

ನಮ್ಮ ಮನಿ ಕಲಬುರಗಿ ಶಹಾಬಜಾರ್ ಕಡಿ. ಮುಂದಿನ ಎರಡು ಖೋಲಿ ಶಹಾಬಾದ್ ಕಲ್ಲಿಂದು, ಹಿಂದ ಅಡಗಿಮನಿ ಮತ್ತ ಬಚ್ಚಲಕ್ಕ ನಮ್ಮಪ್ಪ ಇದ್ದಾಗ ಹಾಕ್ಸಿದ ಸಿಮೆಂಟ್ ಪತ್ರಾ, ಅಂದ್ರ ಮ್ಯಾಲ ಹೊದಿಸೋ ಸಿಮೆಂಟಿನ ಶೀಟ್. ನಾ ಎಲೆಕ್ಟ್ರಿಕ್ ಕೆಲಸ ಮಾಡ್ತೀನಿ, ಡ್ರಿಲ್ಲು ಗ್ರೈಂಡರ್ ಎಲ್ಲಾ ಮನ್ಯಾಗ ಅವ, ಹಿಂಗಾಗಿ ಸಣ್ಣಪುಟ್ಟ ಕೆಲಸಕ್ಕ ಯಾರ್ನೂ ಕರಿಯಂಗಿಲ್ಲ. ಹೋದ ಏಪ್ರಿಲ್‌ದಾಗ ಅಡಗಿಮನಿ ಫ್ಯಾನಿನ ಪೈಪ್ ಹೊರಗ ಬಿಡ್ಲಾಕ ಪತ್ರಾದಾಗ ಒಂದು ತೂತು ಬೇಕಾಗಿತ್ತು, ಗ್ರೈಂಡರ್ ಹಚ್ದೆ, ಐದು ನಿಮಿಷದ ಕೆಲಸ. ಖೋಲಿ ತುಂಬ ಬೂದಿ ಬಣ್ಣದ ಧೂಳು ಎದ್ತು. ಮುಖಕ್ಕ ಟವೆಲ್ ಸುತ್ಕೊಂಡಿದ್ದೆ ಅಷ್ಟ. ಆಮ್ಯಾಲ ಅವ್ವ ಕಸಬರಗಿ ತಗೊಂಡು ಬಂದು ಒಣಾ ಒಣಾನೆ ಕಸ ಹೊಡದ್ಳು, "ಏಟು ಧೂಳು ಮಾಡೀಯೋ ತಮ್ಮಾ" ಅಂತ ಕೆಮ್ಕೋತ ಕೆಮ್ಕೋತ. ಆ ಕೆಮ್ಮು ನನಗ ಇನ್ನೂ ಕೇಳ್ತದ.

ಸಂಜಿಗಿ ಕೊಯ್ದ ತುಂಡು ಕೈಯಾಗ ಹಿಡದಾಗ ಅದರ ಮ್ಯಾಲ ಮಾಸಿದ ಅಕ್ಷರ ಕಂಡ್ವು, ಐಎಸ್ 459. ನಮ್ಮ ಕೆಲಸದಾಗ ವೈರು ಸ್ವಿಚ್ಚಿಗಿ ಐಎಸ್ ನಂಬರ್, ಅಂದ್ರ ಸಾಮಾನಿನ ಭಾರತೀಯ ಮಾನದಂಡದ ನಂಬರ್, ನೋಡೋದು ರೂಢಿ, ಅದಕ್ಕ ಹುಡುಕಿ ನೋಡ್ದೆ. ಆಸ್ಬೆಸ್ಟಾಸ್ ಸಿಮೆಂಟ್ ಪತ್ರಾದ ನಂಬರ್ ಅದು. ಆಸ್ಬೆಸ್ಟಾಸ್ ಅಂದ್ರ ಖನಿಜದ ಸಣ್ಣ ಸಣ್ಣ ಎಳಿ, ಸಿಮೆಂಟಿನ್ಯಾಗ ಕಲಸಿರ್ತಾರ. ಅಂಗಡ್ಯಾಗ ಎಸಿ ಶೀಟ್ ಅಂತಾರಲ್ಲ, ಆ ಎ ಅಂದ್ರ ಆಸ್ಬೆಸ್ಟಾಸ್ ಅಂತ ನನಗ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಆಸ್ಬೆಸ್ಟಾಸ್ ಇಲ್ಲದ ಪತ್ರಾನೂ ಬರ್ತಾವ, ಅವಕ್ಕ ಐಎಸ್ 14871 ಇರ್ತದ. ಅಕ್ಷರ ಅಳಿಸಿ ಹೋಗಿದ್ರ ಕಣ್ಣಿಲೆ ನೋಡಿ ಹೇಳ್ಲಾಕ ಬರಂಗಿಲ್ಲ, ಲ್ಯಾಬಿನ್ಯಾಗ ಮೈಕ್ರೋಸ್ಕೋಪ್‌ದಾಗ ನೋಡಬೇಕು, ಅದಕ್ಕ ಹಳೇ ಪತ್ರಾ ಅಂದ್ರ ಅದರಾಗ ಆಸ್ಬೆಸ್ಟಾಸ್ ಅದ ಅಂತ ತಿಳ್ಕೊಂಡೇ ಕೈ ಹಚ್ಚೋದು ಛಲೋ.

ಪತ್ರಾ ಸುಮ್ನ ಮ್ಯಾಲ ಕುಂತಿದ್ರ ಅಷ್ಟು ಭಯ ಇಲ್ಲ, ನೂರಕ್ಕ ಎಂಟತ್ತು ಪಾಲು ಇರೋ ಆ ಆಸ್ಬೆಸ್ಟಾಸ್ ಎಳಿ ಸಿಮೆಂಟಿನ್ಯಾಗ ಹಿಡಕೊಂಡು ಕುಂತಿರ್ತದ. ಕೊಯ್ದಾಗ, ತೂತು ಹೊಡದಾಗ, ಒಡದಾಗ, ಪಾಚಿ ತೆಗಿಲಾಕ ತಂತಿ ಬ್ರಷ್‌ಲೆ ತಿಕ್ಕಿದಾಗ ಬಿಡ್ತದ ನೋಡ್ರಿ. ಕಣ್ಣಿಗಿ ಕಾಣಂಗಿಲ್ಲ ಅಷ್ಟು ಸಣ್ಣ, ತಾಸುಗಟ್ಟಲೆ ಗಾಳ್ಯಾಗ ತೇಲ್ತದ, ಶ್ವಾಸದ ಕೂಡ ಪುಪ್ಪುಸದ ತಳಕ್ಕ ಹೋಗಿ ಕುಂಡ್ರತದ. ಪುಪ್ಪುಸದ ಕ್ಯಾನ್ಸರ್, ಅದರ ಪೊರಿಗಿ ಬರೋ ಮೆಸೋಥೆಲಿಯೋಮ ಅನ್ನೋ ಕ್ಯಾನ್ಸರ್, ಪುಪ್ಪುಸ ಗಟ್ಟಿ ಆಗೋ ಆಸ್ಬೆಸ್ಟೋಸಿಸ್, ಇವೆಲ್ಲಾ ಇದರಿಂದ ಬರ್ತಾವ, ಅದೂ 20 ರಿಂದ 40 ವರ್ಷ ಆದಮ್ಯಾಲ. ಬ್ರಿಟನ್ 1999ರಾಗ, ಯುರೋಪ್ ಒಕ್ಕೂಟ ಪೂರ್ತಿ 2005ರಾಗ ಆಸ್ಬೆಸ್ಟಾಸ್ ಬಂದ್ ಮಾಡ್ಯಾವ. ನಮ್ಮಲ್ಲಿ ಹೊರದೇಶದಿಂದ ತರಿಸ್ಕೊಂಡು ಪತ್ರಾ ಮಾಡೋದು ಇನ್ನೂ ನಡದದ.

ಅವ್ವನ ಕರ್ಕೊಂಡು ಡಾಕ್ಟರ್ ಕಡಿ ಹೋದೆ. ಈಗ ಎಕ್ಸ್‌ರೇ ತಗದ್ರ ಏನೂ ಕಾಣಂಗಿಲ್ರಿ, ಒಂದು ದಿನದ ಧೂಳಿಗಿ ಅಪಾಯ ಕಮ್ಮಿ, ದಿನಾ ಅದೇ ಕೆಲಸ ಮಾಡೋರಿಗಿ ಹೆಚ್ಚು, ಬೀಡಿ ಸಿಗರೇಟ್ ಸೇದೋರಿಗಂತೂ ಪುಪ್ಪುಸದ ಕ್ಯಾನ್ಸರ್ ಅಪಾಯ ಭಾಳ ಏರ್ತದ ಅಂದ್ರು. ನಾ ಅವತ್ತೇ ಸಿಗರೇಟ್ ಬಿಟ್ಟೆ.

ಪತ್ರಾ ಅಲ್ಲಲ್ಲಿ ಸೀಳಿದ್ವು, ಸೋರ್ತಿದ್ವು, ಪೂರ್ತಿ ಇಳಿಸೋದೇ ಛಲೋ ಅನ್ನಿಸ್ತು. ಬಿಸಲಾಗ ಮಾಡ್ಲಿಲ್ಲ. ಮಿರಗಿನ ಮಳಿ ಬಿದ್ದ ಮರುದಿನ ನಸುಕಿನ್ಯಾಗ ಶುರು ಮಾಡ್ದೆ, ಪತ್ರಾ ಮ್ಯಾಲಿಂದ ತಾವೇ ತೊಯ್ದಿದ್ವು, ಗಾಳಿನೂ ಇರಲಿಲ್ಲ. ಮನಿ ಮಂದೀನ್ನೆಲ್ಲಾ ತಂಗಿ ಮನಿಗಿ ಕಳಿಸಿದ್ದೆ, ಅಡಗಿಮನಿ ಡಬ್ಬಿ ಬೋಗಾಣಿ ಎಲ್ಲಾ ಹೊರಗ ತಗದು ನೆಲಕ್ಕ ದಪ್ಪನ ಪ್ಲಾಸ್ಟಿಕ್ ಹಾಸಿದ್ದೆ. ತೊಗರಿಗಿ ಔಷಧ ಹೊಡಿಯೋ ಬೆನ್ನಿನ ಪಂಪ್ ಹೊಸಾದು ತಂದು, ನೀರಾಗ ಭಾಂಡೆ ತಿಕ್ಕೋ ಸಾಬೂನಿನ ಎರಡು ಹನಿ ಹಾಕಿ ಕೆಳಗಿನ ಮಗ್ಗಲಿಗಿ ಹೊಡದೆ. ಸಾಬೂನು ಇದ್ರ ನೀರು ಜಾರಿ ಹೋಗದಂಗ ಒಳಗ ಇಳೀತದ. ಜೋರು ನೀರಿನ ಪೈಪು ಹಿಡಿಬಾರದು, ಅದು ಎಳಿ ಕಿತ್ತು ಹಾರಿಸ್ತದ.

ಮಾಸ್ಕ್ ಬಗ್ಗಿ ಜರಾ ಹೇಳ್ತೀನಿ. ಟವೆಲ್ಲು, ಕೊರೊನಾದಾಗ ಹಾಕ್ಕೊಂಡ ನೀಲಿ ಮಾಸ್ಕು, ಇವು ಯಾವೂ ನಡಿಯಂಗಿಲ್ಲ. ಭಾಳ ಸಣ್ಣ ಧೂಳೂ ತಡಿಯೋ ಎಫ್‌ಎಫ್‌ಪಿ3 ದರ್ಜೆದು ಇಲ್ಲಾ ಪಿ100 ಫಿಲ್ಟರಿಂದು ಬೇಕು. ಅದನ್ನ ಹಾಕ್ಕೊಂಡು ಎರಡು ಕೈಲೆ ಮುಚ್ಚಿ ಜೋರಾಗಿ ಉಸಿರು ಬಿಟ್ರ ಅಂಚಿನಾಗ ಗಾಳಿ ಹೋಗಬಾರದು. ನನ್ನ ಗಡ್ಡದ ಸಂದಿಲೆ ಬುಸ್ ಅಂತ ಹೋಯ್ತು. ಹತ್ತು ವರ್ಷದ ಗಡ್ಡ ಬೋಳಿಸ್ದೆ, ಆಮ್ಯಾಲ ಬರೋಬ್ಬರಿ ಕುಂತು.

ಪತ್ರಾದ ಮ್ಯಾಲ ಕಾಲಿಡ್ಲೇ ಇಲ್ಲ, ಹಳೇ ಪತ್ರಾ ಮನಷ್ಯಾನ ಭಾರಕ್ಕ ಪಟ್ಟನ ಒಡೀತದ, ಹಂಗ ಬಿದ್ದು ಸತ್ತೋರು ಭಾಳ ಅದಾರ. ಕೆಳಗ ಪಾಲಕ್, ಅಂದ್ರ ನಿಂತು ಕೆಲಸ ಮಾಡೋ ಅಟ್ಟ, ಕಟ್ಟಿ ಅಲ್ಲಿಂದನೇ ಪಾನಾ ಹಚ್ಚಿ ಪತ್ರಾ ಹಿಡದಿರೋ ಜೆ ಹುಕ್ ಬಿಚ್ಚಿದೆ. ಜಂಗ್ ಹತ್ತಿದ ಹುಕ್ಕಿಗಿ ಎಣ್ಣಿ ಬಿಟ್ಟೆ, ಅದಕ್ಕೂ ಬರದಿದ್ದಾಗ ಹುಕ್ಕನ್ನ ಕೊಯ್ದೆ, ಪತ್ರಾ ಮಾತ್ರ ಕೊಯ್ಲಿಲ್ಲ. 10 ಫೂಟಿನ ಒಂದೊಂದು ಪತ್ರಾ 40 ಕೆಜಿ ಹತ್ರ ಬರ್ತದ, ನಾನು ನನ್ನ ತಮ್ಮ ಇಬ್ಬರೂ ಮಾಸ್ಕ್ ಹಾಕ್ಕೊಂಡು ಕೂಸಿನ್ನ ಇಳಿಸಿದಂಗ ಇಳಿಸಿದ್ವಿ. ಇಳಿಸಿದ ಕೂಡ್ಲೇ ಪ್ಲಾಸ್ಟಿಕ್‌ದಾಗ ಎರಡು ಸುತ್ತು ಸುತ್ತಿ ಟೇಪ್ ಹಚ್ಚಿದ್ವಿ. ನೆಲಕ್ಕ ಕಸಬರಗಿ ಮುಟ್ಟಿಸ್ಲಿಲ್ಲ, ವ್ಯಾಕ್ಯೂಮ್ ಹಚ್ಚಲಿಲ್ಲ, ಹಸಿ ಅರಿವಿಲೆ ಒರಸಿ ಅರಿವಿನೂ ಉಟ್ಟ ಬಟ್ಟಿನೂ ಅದೇ ಪ್ಲಾಸ್ಟಿಕ್‌ದಾಗ ಕಟ್ಟಿ, ಹಿತ್ತಲದಾಗೇ ಜಳಕ ಮಾಡಿ ಒಳಗ ಹೋದ್ವಿ. ಮಾಸ್ಕ್ ಎಲ್ಲಾದಕ್ಕಿಂತ ಕಡೀಗಿ ತೆಗಿಬೇಕು.

ಊರಿಂದ ಕಾಕಾ ಫೋನ್ ಮಾಡಿ, ಆ ಪತ್ರಾ ಆಡಿನ ಕೊಟ್ಟಗಿಗಿ ಆಗ್ತಾವ, ಕಳಸು ಅಂದ. ಕಾಕಾಗ ಇಲ್ಲ ಅನ್ನೋದು ಸುಲಭ ಅಲ್ಲ, ಆದ್ರ ಸೀಳಿದ ಪತ್ರಾ ಅಲ್ಲಿ ಮತ್ತ ಒಡೀತಾವ, ಅವನ ಮೊಮ್ಮಕ್ಕಳು ಅಲ್ಲೇ ಆಡ್ತಾರ. ಕೊಡಲಿಲ್ಲ. ಕಸದ ಗಾಡಿಯವ್ರೂ ಒಲ್ಲೆ ಅಂದ್ರು. ಸುತ್ತಿದ ಗಂಟು ಹಿತ್ತಲ ಮೂಲ್ಯಾಗ ಕಲ್ಲಿನ ಮ್ಯಾಲ ಅವ, ಕೆಂಪು ಬಣ್ಣದಾಗ ಆಸ್ಬೆಸ್ಟಾಸ್, ಒಡೀಬ್ಯಾಡ್ರಿ ಅಂತ ಬರದೀನಿ, ಅಪಾಯಕಾರಿ ಕಸ ತಗೊಳ್ಳೋ ಜಾಗಕ್ಕ ಕಳಿಸೋ ದಾರಿ ಕೇಳ್ಕೋತ ಅದೀನಿ.

ಹೋದ ವಾರ ಒಂದು ಸೈಟಿನ್ಯಾಗ ವೈರಿಂಗ್ ಮಾಡ್ತಿದ್ದೆ, ಹದಿನೆಂಟು ಹತ್ತೊಂಬತ್ತು ವರ್ಷದ ಹುಡುಗ ಒಬ್ಬ ಮೂಗಿಗಿ ಕರವಸ್ತ್ರ ಕಟ್ಕೊಂಡು ಪತ್ರಾ ಕೊಯ್ಲಾಕ ನಿಂತಿದ್ದ, ರೆಪ್ಪಿ ಮ್ಯಾಲೆಲ್ಲಾ ಬೂದಿ. ಮಷೀನಿನ ವೈರ್ ನಾನೇ ಕಿತ್ತಿದೆ. ಸಿಟ್ಟಾದ. ಒಂದು ಬಕೆಟ್ ನೀರು ತಂದು ಇಟ್ಟು, ನನ್ನ ಚೀಲದಾಗಿನ ಇನ್ನೊಂದು ಮಾಸ್ಕ್ ಕೊಟ್ಟು, ತಮ್ಮಾ, ಮೊದಲ ತೊಯ್ಸು, ಕೈ ಗರಗಸಲೆ ಕೊಯ್, ಮಷೀನ್ ಹಚ್ಚಬ್ಯಾಡ ಅಂದೆ. ಅವನ ಕೂಡ ಮೇಸ್ತ್ರಿಗೂ ಹೇಳ್ದೆ. ಮೇಸ್ತ್ರಿ ಏನೂ ಅನ್ಲಿಲ್ಲ, ಹುಡುಗ ಮಾತ್ರ ಎರಡು ಸಲ ಕೇಳ್ದ, ಅಣ್ಣಾ, ನಾ ಮೂರು ವರ್ಷದಿಂದ ಇದೇ ಮಾಡ್ಲತೀನಿ, ನನಗೇನಾಗ್ತದ ಅಂತ.