ಅವಳಿ ಬಸಿರಿನಲ್ಲಿ ತೂಕ ಹೆಚ್ಚಿಸಿಕೊಳ್ಳುವುದು ಹೇಗೆ? ಕುಬುಸದವರೆಗೆ ಕಾಯಬೇಡಿ

ಕಲಬುರಗಿ ಸೀಮೆಯಲ್ಲಿ ಬಸುರಿಯ ಊಟದ ಕಾಳಜಿ ಕಳೆಗಟ್ಟುವುದು ಸಾಮಾನ್ಯವಾಗಿ ಕುಬುಸದ ಹೊತ್ತಿಗೆ. ಹಸಿರು ಸೀರೆ ಉಡಿಸಿ, ಮಾಲ್ದಿ, ಹೋಳಿಗೆ, ಬಗೆಬಗೆಯ ಅನ್ನದ ಬುತ್ತಿ ಕಟ್ಟಿಕೊಂಡು ತವರಿನವರು ಬಂದು ಉಣಿಸುತ್ತಾರೆ. ಹೊಟ್ಟೆಯಲ್ಲಿ ಒಂದೇ ಕೂಸಿದ್ದರೆ ಈ ತಡ ಹೇಗೋ ನಡೆದೀತು, ಎರಡಿದ್ದರೆ ನಡೆಯದು. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೂಸುಗಳು 37 ವಾರ ತುಂಬುವ ಮೊದಲೇ ಹುಟ್ಟುವುದರಿಂದ, ಕೊನೆಯ ತಿಂಗಳಲ್ಲಿ ಚೆನ್ನಾಗಿ ಉಂಡರಾಯಿತು ಎಂದುಕೊಂಡವರಿಗೆ ಆ ಕೊನೆಯ ತಿಂಗಳೇ ಸಿಗದೆ ಹೋಗಬಹುದು. ಸಿಕ್ಕರೂ, ಗರ್ಭಕೋಶ ಮೇಲೇರಿ ಜಠರವನ್ನು ಒತ್ತುವ ಆ ದಿನಗಳಲ್ಲಿ ಅರ್ಧ ರೊಟ್ಟಿ ಇಳಿಯುವುದೇ ಕಷ್ಟ. ಆದ್ದರಿಂದ ಮೊದಲ ಇಪ್ಪತ್ತು ವಾರಗಳಲ್ಲಿಯೇ ತೂಕ ಏರತೊಡಗಬೇಕು.

ಮೊದಲು ಗುರಿ ಗೊತ್ತುಮಾಡಿಕೊಳ್ಳಿ

ಬಸಿರಾಗುವ ಮುನ್ನ ಇದ್ದ ತೂಕವನ್ನು, ಅದು ಗೊತ್ತಿಲ್ಲದಿದ್ದರೆ ಮೊದಲ ತಪಾಸಣೆಯ ದಿನದ ತೂಕವನ್ನು, ಎತ್ತರದ ಜೊತೆಗೆ ತಾಯಿ ಕಾರ್ಡಿನಲ್ಲಿ ಬರೆಸಬೇಕು. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬಿಎಂಐ ಎಂಬ ಸಂಖ್ಯೆ ಬರುತ್ತದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಈ ಸಂಖ್ಯೆ 18.5ರಿಂದ 24.9ರ ಒಳಗಿರುವ ಅವಳಿ ಬಸುರಿ ಒಟ್ಟು 17ರಿಂದ 25 ಕೆ.ಜಿ., 25ರಿಂದ 29.9 ಇರುವವರು 14ರಿಂದ 23 ಕೆ.ಜಿ., 30 ಮತ್ತು ಅದಕ್ಕಿಂತ ಮೇಲಿರುವವರು 11ರಿಂದ 19 ಕೆ.ಜಿ. ಹೆಚ್ಚಬೇಕು. ಒಂದೇ ಕೂಸಿರುವ, ಸಹಜ ತೂಕದ ತಾಯಿಗೆ ಇದೇ ಮಾರ್ಗಸೂಚಿ ಹೇಳುವುದು 11.5ರಿಂದ 16 ಕೆ.ಜಿ. ಮಾತ್ರ. ಬಿಎಂಐ 18.5ಕ್ಕಿಂತ ಕಡಿಮೆ ಇರುವ ಅವಳಿ ಬಸುರಿಯರಿಗೆ ಅದರಲ್ಲಿ ಅಂಕಿಯನ್ನೇ ಕೊಟ್ಟಿಲ್ಲ. ನಮ್ಮ ಭಾಗದ ಹಳ್ಳಿಗಳಲ್ಲಿ ಅಂಥವರು ಬಹಳ ಮಂದಿ ಇರುವುದರಿಂದ, ಅವರ ಗುರಿಯನ್ನು ವೈದ್ಯರೇ ಕೂತು ಗೊತ್ತುಮಾಡಬೇಕು.

ಒಂದು ಉದಾಹರಣೆ ನೋಡೋಣ. ಎತ್ತರ 150 ಸೆಂ.ಮೀ., ತೂಕ 45 ಕೆ.ಜಿ. ಇರುವ ಹೆಣ್ಣುಮಗಳ ಬಿಎಂಐ 20. ಆಕೆ ಕನಿಷ್ಠ 17 ಕೆ.ಜಿ. ಏರಬೇಕೆಂದರೆ 37ನೆಯ ವಾರಕ್ಕೆ 62 ಕೆ.ಜಿ. ತಲುಪಬೇಕು. ವಾಂತಿ, ಸಂಕಟಗಳ ಮೊದಲ ಮೂರು ತಿಂಗಳಲ್ಲಿ 2 ಕೆ.ಜಿ. ಮಾತ್ರ ಏರಿದರೂ, ಅಲ್ಲಿಂದ ಮುಂದೆ ವಾರಕ್ಕೆ ಸುಮಾರು 600 ಗ್ರಾಂ ಕೂಡುತ್ತ ಹೋದರೆ 20ನೆಯ ವಾರಕ್ಕೆ ಅವಳು 51 ಕೆ.ಜಿ. ಆಸುಪಾಸಿನಲ್ಲಿರುತ್ತಾಳೆ. ಅಷ್ಟು ಹೊತ್ತಿಗೆ ಇನ್ನೂ 47ರಲ್ಲೇ ನಿಂತಿದ್ದರೆ ಕುಬುಸದ ದಿನ ನೋಡುವ ಮೊದಲು ಆಸ್ಪತ್ರೆಗೆ ಹೋಗಬೇಕು.

11ರಿಂದ 13ನೆಯ ವಾರದೊಳಗಿನ ಸ್ಕ್ಯಾನಿಂಗ್‌ನಲ್ಲಿ ಎರಡೂ ಕೂಸುಗಳಿಗೆ ಒಂದೇ ಮಾಸು ಇದೆಯೋ, ಬೇರೆಬೇರೆಯೋ ಎಂದು ತಪ್ಪದೆ ಕೇಳಿ ಬರೆಸಿಕೊಳ್ಳಿ. ಇದು ತೂಕಕ್ಕೂ ಸಂಬಂಧಿಸಿದ ಸಂಗತಿ, ಕಾರಣ ಮುಂದೆ ಬರುತ್ತದೆ.

ತೂಗುವ ಕ್ರಮ

ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದ ಮೇಲೆ, ತಿಂಡಿಗೆ ಮೊದಲು ತೂಗಿಕೊಳ್ಳಬೇಕು. ಅಂಗನವಾಡಿಯ ತಕ್ಕಡಿಗೂ ಆಸ್ಪತ್ರೆಯ ತಕ್ಕಡಿಗೂ ವ್ಯತ್ಯಾಸವಿರುವುದು ಸಹಜ, ಆದ್ದರಿಂದ ಒಂದನ್ನೇ ನೆಚ್ಚಿಕೊಳ್ಳಿ. ಕೆಲಸ ಅರಸಿ ಬೆಂಗಳೂರಿಗೋ ಮುಂಬೈಗೋ ಹೋಗುವ ಯಾದಗಿರಿ ಕಡೆಯ ಕುಟುಂಬಗಳು ತಾಯಿ ಕಾರ್ಡನ್ನು ಊರಲ್ಲಿ ಬಿಟ್ಟು ಹೋಗಬಾರದು. ಹಳೆಯ ತೂಕ ಗೊತ್ತಿಲ್ಲದಿದ್ದರೆ ಹೊಸ ಊರಿನ ವೈದ್ಯರಿಗೆ ಏರಿಕೆಯೇ ತಿಳಿಯುವುದಿಲ್ಲ.

ತಟ್ಟೆಯಲ್ಲಿ ಏನಿರಬೇಕು

ಒಂದು ಕೂಸನ್ನು ಹೊತ್ತವಳಿಗೆ ದಿನಕ್ಕೆ 350 ಕಿಲೊ ಕ್ಯಾಲರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಅವಳಿ ಬಸುರಿಗೆ ಸಾಮಾನ್ಯವಾಗಿ 600ರಷ್ಟು ಹೆಚ್ಚಿಸಲು ಸಲಹೆ ಕೊಡುತ್ತಾರೆ. ಇದು ಕೇಳಲು ದೊಡ್ಡದು, ಆದರೆ ದಿನದ ಊಟದ ಮೇಲೆ ಎರಡು ಜೋಳದ ರೊಟ್ಟಿ, ಒಂದು ಹಿಡಿ ಶೇಂಗಾ, ಒಂದು ಲೋಟ ಹಾಲು ಕೂಡಿಸಿದರೆ ಲೆಕ್ಕ ಬಹುತೇಕ ಮುಗಿಯುತ್ತದೆ. "ಇಬ್ಬರ ಪಾಲು, ಮೂವರ ಪಾಲು ಉಣ್ಣು" ಎಂಬ ಒತ್ತಾಯ ಬೇಕಿಲ್ಲ.

ಕ್ಯಾಲರಿಗಿಂತ ಹೆಚ್ಚಾಗಿ ಕಡಿಮೆ ಬೀಳುವುದು ಪ್ರೋಟೀನು. ಕಲಬುರಗಿಯನ್ನು ತೊಗರಿಯ ಕಣಜ ಎನ್ನುತ್ತಾರೆ, ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಮಾನ್ಯತೆಯೂ ಸಿಕ್ಕಿತು. ಹೀಗಿದ್ದೂ ಎಲ್ಲರ ಊಟವಾದ ಮೇಲೆ ಕೂರುವ ಸೊಸೆಯ ಗಂಗಾಳಕ್ಕೆ ಬೀಳುವುದು ತಿಳಿಸಾರು. ಅವಳಿ ಬಸುರಿಯ ಮನೆಯಲ್ಲಿ ಬದಲಾಗಬೇಕಾದ ಮೊದಲ ಸಂಗತಿ ಇದೇ ಎಂದು ನಾನು ಭಾವಿಸುತ್ತೇನೆ: ಆಕೆಗೆ ಮೊದಲು ಬಡಿಸಬೇಕು, ತಳದ ಗಟ್ಟಿ ಬೇಳೆಯನ್ನು ಬಡಿಸಬೇಕು. 30 ಗ್ರಾಂ ತೊಗರಿ ಬೇಳೆಯಲ್ಲಿ ಆರು ಗ್ರಾಂ ಮೀರಿ ಪ್ರೋಟೀನು ಇರುತ್ತದೆ. ಒಂದು ಮೊಟ್ಟೆಯಲ್ಲಿ, ಒಂದು ಲೋಟ ಹಾಲಿನಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ.

ಮೂರು ದೊಡ್ಡ ಊಟಗಳ ಬದಲು ಆರು ಸಣ್ಣ ಊಟ ಮಾಡಿ. ಬೆಳಿಗ್ಗೆ ಹೊಟ್ಟೆ ತೊಳಸುತ್ತಿದ್ದರೆ ಹಾಸಿಗೆಯಿಂದ ಏಳುವ ಮೊದಲೇ ಕಟಕ ರೊಟ್ಟಿಯ ಒಂದು ಚೂರನ್ನು ನಿಧಾನವಾಗಿ ಅಗಿಯಬಹುದು, ಪೇಟೆಯ ಬಿಸ್ಕಿಟ್ಟಿಗಿಂತ ಅದೇ ಮೇಲು. ತಿಂಡಿಗೆ ಉಪ್ಪಿಟ್ಟು ಅಥವಾ ಸುಸಲಾ ಮಾಡಿದರೆ ಶೇಂಗಾ ಧಾರಾಳವಾಗಿ ಬೀಳಲಿ, ಜೊತೆಗೆ ಬೇಯಿಸಿದ ಮೊಟ್ಟೆ ಇರಲಿ. ನಡುಹೊತ್ತಿಗೆ ಶೇಂಗಾ ಉಂಡೆ, ಬಾಳೆಹಣ್ಣು. ಮಧ್ಯಾಹ್ನ ರೊಟ್ಟಿ, ಗಟ್ಟಿ ಬೇಳೆ, ಪುಂಡಿ ಪಲ್ಯ ಇಲ್ಲವೇ ಮೆಂತ್ಯೆ, ಮೊಸರು. ಸಂಜೆ ಮೊಳಕೆ ಬರಿಸಿದ ಮಡಕಿ ಕಾಳಿನ ಉಸುಳಿಗೆ ನಿಂಬೆ ಹಿಂಡಿಕೊಂಡು ತಿನ್ನಿ. ರಾತ್ರಿ ಝುಣಕದ ಜೊತೆ ರೊಟ್ಟಿ, ಮಲಗುವಾಗ ಹಾಲು. ಏಳನೆಯ ತಿಂಗಳ ನಂತರ ರೊಟ್ಟಿ ಭಾರವೆನಿಸಿದರೆ ಜೋಳದ ನುಚ್ಚಿಗೆ ಮೊಸರು ಕಲಸಿಕೊಳ್ಳಬಹುದು, ಎದೆಯುರಿ ಇರುವವರು ಖಾರ ತಗ್ಗಿಸಬೇಕು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ನೀರು, ಮಜ್ಜಿಗೆ ತಪ್ಪಬಾರದು. ತುಪ್ಪ, ಬೆಲ್ಲ, ಸಕ್ಕರೆಯಿಂದಲೂ ತಕ್ಕಡಿಯ ಮುಳ್ಳು ಏರುತ್ತದೆ ನಿಜ, ಆದರೆ ಅವಳಿ ಬಸಿರಿನಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ತಾಸಿನ ನಂತರ ಮಾಡುವ ಪರೀಕ್ಷೆಯಲ್ಲಿ ಅಂಕಿ 140 ಮುಟ್ಟಿದರೆ ಮಾಲ್ದಿ, ಹೋಳಿಗೆಯನ್ನು ಬದಿಗಿಡಬೇಕಾಗುತ್ತದೆ.

2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಕೊಡುವ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಯನ್ನು ಮನೆಯ ಊಟದ ಬದಲಿಗಲ್ಲ, ಅದರ ಜೊತೆಗೆ ಎಂದು ತಿಳಿಯಬೇಕು.

ಗುಳಿಗೆಗಳು

ನಾಲ್ಕನೆಯ ತಿಂಗಳಿಂದ ಸರ್ಕಾರ ಉಚಿತವಾಗಿ ಕೊಡುವ ಕಬ್ಬಿಣದ ಗುಳಿಗೆಯಲ್ಲಿ 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ಇದನ್ನು ಸುಣ್ಣಾಂಶದ ಗುಳಿಗೆಯೊಂದಿಗೆ ಒಮ್ಮೆಗೇ ನುಂಗಬಾರದು, ಹಿಂದುಮುಂದೆ ಒಂದು ತಾಸು ಚಹಾ ಕುಡಿಯಬಾರದು. ಹಲ್ಲಿಗೆ ಮಿಸ್ರಿ ಹಚ್ಚುವ ಚಟವಿದ್ದರೆ ಇಂದೇ ಬಿಡಿ. ತಂಬಾಕು ಯಾವ ದಾರಿಯಿಂದ ಹೋದರೂ ಕೂಸಿನ ತೂಕವನ್ನು ತಗ್ಗಿಸುತ್ತದೆ.

ಯಾವ ಏರಿಕೆ ಒಳ್ಳೆಯದಲ್ಲ

ತಕ್ಕಡಿ ತೋರಿಸುವ ಎಲ್ಲ ತೂಕವೂ ಪೋಷಣೆಯಲ್ಲ. ಒಂದೇ ವಾರದಲ್ಲಿ ಒಂದು ಕೆ.ಜಿ. ಮೀರಿ ಏರಿ, ಮುಖ, ಕೈ ಬಾತು ಬಳೆ ಬಿಗಿಯಾದರೆ, ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು ಕಾಣಿಸಿದರೆ ಅದು ಏರು ರಕ್ತದೊತ್ತಡದ ನಂಜು ಇರಬಹುದು. ಅವಳಿ ಬಸಿರಿನಲ್ಲಿ ಅದರ ಸಾಧ್ಯತೆ ಹೆಚ್ಚು. ಅದೇ ದಿನ ಒತ್ತಡ ನೋಡಿಸಬೇಕು, 140/90 ಮುಟ್ಟಿದ್ದರೆ ಮನೆಗೆ ಮರಳಬಾರದು. ಇನ್ನು, ಎರಡೂ ಕೂಸುಗಳು ಒಂದೇ ಮಾಸನ್ನು ಹಂಚಿಕೊಂಡಿದ್ದರೆ ಒಂದರ ರಕ್ತ ಇನ್ನೊಂದಕ್ಕೆ ಹರಿದು, ಒಂದು ಚೀಲದಲ್ಲಿ ನೀರು ಮಿತಿಮೀರಿ ತುಂಬುವ ತೊಡಕು ಬರಬಹುದು. ಆಗ ಕೆಲವೇ ದಿನಗಳಲ್ಲಿ ಹೊಟ್ಟೆ ನಗಾರಿಯಂತೆ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ, ತೂಕವೂ ಏರುತ್ತದೆ. ಮನೆಯವರು "ಕೂಸು ಚೆನ್ನಾಗಿ ಬೆಳೆದಿವೆ" ಎಂದು ಸಂತೋಷಪಡುತ್ತಾರೆ. ಇಂಥವರಿಗೆ 16ನೆಯ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಮಾಡಿಸಲು ಹೇಳುವುದು ಈ ಕಾರಣಕ್ಕೆ.

ತೂಕ ಇಳಿಯುವುದೂ ಅಷ್ಟೇ ಗಂಭೀರ. ವಾಂತಿಯಿಂದ ಮೊದಲಿನ ತೂಕದ ನೂರಕ್ಕೆ ಐದರಷ್ಟು, ಅಂದರೆ 45 ಕೆ.ಜಿ.ಯವಳು ಎರಡು ಕೆ.ಜಿ. ಮೀರಿ ಕಳೆದುಕೊಂಡರೆ ಸಲೈನ್ ಹಾಕಿಸಬೇಕಾದೀತು. "ಕೂಸು ದೊಡ್ಡದಾದರೆ ಹೆರಿಗೆ ಕಷ್ಟ, ಕಡಿಮೆ ಉಣ್ಣು" ಎನ್ನುವ ಹಿರಿಯರಿಗೆ ಮನೆಯವರೇ ಒಂದು ಮಾತು ತಿಳಿಸಿ ಹೇಳಬೇಕು: ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೂಸುಗಳು ಹುಟ್ಟುವಾಗ 2.5 ಕೆ.ಜಿ.ಯನ್ನೂ ಮುಟ್ಟಿರುವುದಿಲ್ಲ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ. ಆ ದಿನ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಈ ಮಾತನ್ನು ವೈದ್ಯರ ಬಾಯಿಂದಲೇ ಕೇಳಿಸಿ.