ಬೀದಿ ರೇಸ್ ಬಿಡಿ, ಟ್ರ್ಯಾಕ್‌ಗೆ ಬೈಕ್ ಸಿದ್ಧಮಾಡಿ

ರಸ್ತೆಯಲ್ಲಿ ರೇಸ್ ಮಾಡಿ ಸಿಕ್ಕಿಬಿದ್ದರೆ, ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ತಿರುವಿನಾಚೆ ಲಾರಿ ನಿಂತಿದೆ ಎಂದು ಟ್ರ್ಯಾಕ್‌ನಲ್ಲಿರುವಂತೆ ಎಚ್ಚರಿಕೆಯ ಹಳದಿ ಬಾವುಟ ತೋರಿಸುವವರು ರಸ್ತೆಯಲ್ಲಿಲ್ಲ. ಬೆಂಗಳೂರಿನವರಿಗೆ ಚೆನ್ನೈ ದಾರಿಯಲ್ಲಿ ಶ್ರೀಪೆರಂಬುದೂರಿನ ಹತ್ತಿರವೇ ಸುಮಾರು 3.7 ಕಿ.ಮೀ. ಉದ್ದದ ರೇಸ್ ಟ್ರ್ಯಾಕ್ ಇದೆ. ಟ್ರ್ಯಾಕ್ ಡೇಗೆ (ನಮ್ಮದೇ ಬೈಕ್ ಅನ್ನು ಟ್ರ್ಯಾಕ್‌ನಲ್ಲಿ ಓಡಿಸಲು ಬಿಡುವ ದಿನ) ಹೆಸರು ನೋಂದಾಯಿಸಿ ಹೋಗಿ.

ಮೊದಲು ಬ್ರೇಕ್ ನೋಡಿ. ಹಳೆಯ ಬ್ರೇಕ್ ಆಯಿಲ್ ತೇವಾಂಶ ಹೀರಿಕೊಂಡಿರುತ್ತದೆ. ನಾಲ್ಕೈದು ಲ್ಯಾಪ್ (ಟ್ರ್ಯಾಕ್‌ನ ಸುತ್ತು) ಜೋರಾಗಿ ಓಡಿಸಿದರೆ ಕುದಿದು ಗುಳ್ಳೆ ಬಂದು, ಲಿವರ್ ಹ್ಯಾಂಡಲ್‌ವರೆಗೂ ಒತ್ತಿಹೋಗಬಹುದು. ಹೋಗುವ ಮುನ್ನ ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಹಾಕಿಸಿ, ಬ್ರೇಕ್ ಪೈಪಿನೊಳಗಿನ ಗಾಳಿ ಪೂರ್ತಿ ತೆಗೆಸಿ. ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಿ.

ಟೈರ್ ಬಿಸಿಯಾದಂತೆ ಒಳಗಿನ ಒತ್ತಡ ಏರುತ್ತದೆ. ಹಾಗಾಗಿ ರಸ್ತೆಯ ಲೆಕ್ಕಕ್ಕಿಂತ 3–4 ಪಿಎಸ್‌ಐ ಕಡಿಮೆ ಇಟ್ಟು ಶುರುಮಾಡಿ, ಟ್ರ್ಯಾಕ್‌ನಿಂದ ಹೊರಬಂದ ಕೂಡಲೇ ಮತ್ತೆ ಅಳೆಯಿರಿ. ಕನ್ನಡಿ ಬಿಚ್ಚಿ, ದೀಪಗಳಿಗೆ ಟೇಪ್ ಸುತ್ತಿ, ಸೈಡ್ ಸ್ಟ್ಯಾಂಡ್ ಬಿಗಿಯಾಗಿ ಕಟ್ಟಿ.

ತಣ್ಣಗಿನ ಟೈರ್ ನಂಬಿ ಮೊದಲ ಲ್ಯಾಪ್‌ನಲ್ಲೇ ಬೀಳುವವರಿದ್ದಾರೆ. ಎರಡು ಲ್ಯಾಪ್ ನಿಧಾನ ಓಡಿಸಿ; ಆಮೇಲೆಯೇ ವೇಗ ಹೆಚ್ಚಿಸಿ.